ಮರಳಿನ ದ್ವೀಪಕ್ಕೆ ಮಂಗಳೂರಿಂದ ಮರಳು ಯಾಕೆ? (ಲಕ್ಷದ್ವೀಪ, ಹವಳ, ಕಡಲ್ಕೊರೆತ)

ಹಳೇಬಂದರು
ಒಂದು ಪ್ರಶ್ನೆ. ಮಂಗಳೂರು ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪದ ಮಂಜಿಗಳಿಗೆ (ಸರಕು ಸಾಗಿಸುವ ಮರದ ಹಡಗು) ಲೋಡ್ ಮಾಡುವುದನ್ನು ನೋಡಿದವರಿಗೆ ಗೊತ್ತಿರುತ್ತೆ. ತರಕಾರಿ, ಅಕ್ಕಿ, ಸಿಮೆಂಟು, ಆಡು ಹೋಗುವುದು ಸರಿ. ಜಲ್ಲಿ, ಮರಳು ಕೂಡ ಹೋಗುತ್ತೆ. ಫೋಟೋ ನೋಡಿದರೆ ಇಡೀ ದ್ವೀಪವೇ ಬೆಳ್ಳಗಿನ ಮರಳು. ಅಂಥ ಊರಿಗೆ ಇಲ್ಲಿಂದ ಮರಳು ಯಾಕೆ ಮಾರಾಯ್ರೆ? ಲೋಡಿನವರನ್ನು ಕೇಳಿದರೆ "ಅಲ್ಲಿಯದ್ದು ಆಗುವುದಿಲ್ಲ" ಅಂತಾರೆ, ಅಷ್ಟೆ. ಇನ್ನೊಂದು ಕಡೆ ಪೇಪರಲ್ಲಿ ಲಕ್ಷದ್ವೀಪ ಮುಳುಗುತ್ತೆ ಅಂತ ಬರುತ್ತಲೇ ಇರುತ್ತೆ. ಇವೆರಡಕ್ಕೂ ಏನಾದರೂ ಸಂಬಂಧ ಇದೆಯಾ?

ಸುಮ್ನೆ_ಕೇಳ್ದೆ
ಉಪ್ಪು ಸರ್. ಕಡಲ ಮರಳಲ್ಲಿ ಕಟ್ಟಿದರೆ ಕಬ್ಬಿಣ ತುಕ್ಕು ಹಿಡಿಯುತ್ತೆ. ಥ್ರೆಡ್ ಮುಗೀತು.

ಕಲ್ಲುಮಣ್ಣು
ಮುಗಿದಿಲ್ಲ. ಉಪ್ಪು ಒಂದು ಕಾರಣ, ನಿಜ. ದೊಡ್ಡ ಕಾರಣ ಬೇರೆ ಇದೆ. ಅಲ್ಲಿ ದಡದಿಂದ ಮರಳು ತೆಗೆಯುವುದಕ್ಕೆ ನಿಷೇಧ ಇದೆ. ಯಾಕೆ ಅಂದರೆ ಆ ಮರಳು ದ್ವೀಪದ ಮೇಲೆ ಬಿದ್ದಿರುವ ವಸ್ತು ಅಲ್ಲ, ಅದೇ ದ್ವೀಪ. ಅದರ ಕೆಳಗೆ ನಮ್ಮ ಊರಿನ ಹಾಗೆ ಕಲ್ಲು, ಮುರಕಲ್ಲು, ಗುಡ್ಡ ಯಾವುದೂ ಇಲ್ಲ. ಹವಳದ ಸುಣ್ಣದ ಕಲ್ಲು, ಅದರ ಮೇಲೆ ಹವಳದ ಪುಡಿ, ಮೇಲೆ ತೆಂಗಿನ ಮರ.

ಪಣಂಬೂರಿನ ಮರಳು ಕೈಯಲ್ಲಿ ಹಿಡಿದು ನೋಡಿ. ಗಾಜಿನ ಹಾಗೆ ಹೊಳೆಯುವ ಸ್ಫಟಿಕದ ಹರಳು, ನಡುವೆ ಕಪ್ಪು ಕಾಳು, ಒಂದೆರಡು ಚಿಪ್ಪಿನ ಚೂರು. ಅದೆಲ್ಲ ಘಟ್ಟದ ಕಲ್ಲು ಒಡೆದು ನೇತ್ರಾವತಿ, ಗುರುಪುರ ಹೊಳೆಗಳು ತಂದದ್ದು. ಲಕ್ಷದ್ವೀಪದ ಕವರತ್ತಿಯ ಮರಳಲ್ಲಿ ಒಂದೇ ಒಂದು ಕಪ್ಪು ಕಾಳು ಸಿಗುವುದಿಲ್ಲ. ಭೂತಕನ್ನಡಿಯಲ್ಲಿ ನೋಡಿದರೆ ಹವಳದ ಮುರುಕು, ಸೂಜಿಮೊನೆಯಷ್ಟು ಶಂಖ, ತೂತು ತೂತಾದ ಚಿಪ್ಪು, ಸುಣ್ಣ ಕಟ್ಟಿಕೊಳ್ಳುವ ಒಂದು ಬಗೆಯ ಪಾಚಿಯ ಬಿಲ್ಲೆಗಳು. ಎಲ್ಲವೂ ಯಾವುದೋ ಒಂದು ಜೀವಿಯ ಮೈಯ ಭಾಗ. ಅಲ್ಲೇ ದಡದಲ್ಲಿ ಕೂತು ಸಾಸರಿಗೆ ಒಂದು ಚಿಟಿಕೆ ಮರಳು ಹಾಕಿ ಲಿಂಬೆ ಹಿಂಡಿದೆ, ನೊರೆ ಬಂತು. ಪಣಂಬೂರಿನದಕ್ಕೆ ಹಿಂಡಿದರೆ ಚಿಪ್ಪಿನ ಚೂರು ಇರುವ ಕಡೆ ಮಾತ್ರ ಒಂದೆರಡು ಗುಳ್ಳೆ. ಅಲ್ಲಿಯದು ಪೂರ್ತಿ ಸುಣ್ಣ.

ಉಳ್ಳಾಲದವಳು
ಮರಳು ಪೊಟ್ಟಣ ಕಟ್ಟಿಕೊಂಡು ಬಂದಿಲ್ಲ ತಾನೇ? 😄

ಕಲ್ಲುಮಣ್ಣು
ಇಲ್ಲ ತಾಯಿ. ಹವಳದ ತುಂಡನ್ನಂತೂ ಮುಟ್ಟಲೇಬೇಡಿ. ಗಟ್ಟಿ ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ ಅದು.

ಮಲೆನಾಡಿಗ
ಒಂದು ಅರ್ಥ ಆಗಲಿಲ್ಲ. ಸುತ್ತ ಸಾವಿರಾರು ಅಡಿ ಆಳದ ಕಡಲು. ಹವಳಕ್ಕೆ ಬಿಸಿಲು ಬೇಕು ಅಂತ ಓದಿದ್ದೇನೆ. ಹಾಗಾದರೆ ಆಳದಿಂದ ಮೇಲಕ್ಕೆ ಹೇಗೆ ಬೆಳೆದು ಬಂತು?

ಕಲ್ಲುಮಣ್ಣು
ಸರಿಯಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಕೆಳಗೆ ಸ್ಕ್ರೋಲ್ ಮಾಡಿ.

ಇದಕ್ಕೆ ಮೊದಲು ಉತ್ತರ ಕೊಟ್ಟವನು ಚಾರ್ಲ್ಸ್ ಡಾರ್ವಿನ್. ವಿಕಾಸವಾದಕ್ಕೂ ಮುಂಚಿನ ಕೆಲಸ ಇದು. ತಮಾಷೆ ಏನೆಂದರೆ ಆತ ಇದನ್ನು ಯೋಚಿಸಿದ್ದು ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಒಂದೇ ಒಂದು ಹವಳದ ದಿಬ್ಬವನ್ನು ಕಣ್ಣಾರೆ ನೋಡುವ ಮೊದಲೇ. ಆಮೇಲೆ 1836ರ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ಕೀಲಿಂಗ್ ದ್ವೀಪಕ್ಕೆ ಹೋಗಿ ನೋಡಿದ. ಅವನ ವಾದ ಇಷ್ಟೇ: ಮೊದಲು ಕಡಲಲ್ಲಿ ಒಂದು ಜ್ವಾಲಾಮುಖಿ ಬೆಟ್ಟ. ಅದರ ಅಂಚಿನ ತೆಳು ನೀರಲ್ಲಿ ಹವಳ ಬೆಳೆಯುತ್ತೆ. ಬೆಟ್ಟ ಮೆಲ್ಲಗೆ ತಗ್ಗುತ್ತಾ ಹೋಗುತ್ತೆ, ಹವಳ ಬಿಸಿಲಿನ ಆಸೆಗೆ ಮೇಲಕ್ಕೆ ಬೆಳೆಯುತ್ತಾ ಹೋಗುತ್ತೆ. ಕೊನೆಗೆ ಬೆಟ್ಟ ಪೂರ್ತಿ ಕೆಳಗೆ, ಮೇಲೆ ಹವಳದ ಉಂಗುರ ಮಾತ್ರ. ನಡುವೆ ಲಗೂನು, ಅಂದರೆ ಆಳ ಕಡಿಮೆ ಇರುವ ಕಡಲ ನೀರಿನ ಕೊಳ. ಅದೇ ಅಟಾಲ್.

ಸರಿ, ಕೊರೆದು ನೋಡಬೇಕಲ್ಲ. 1896ರಿಂದ 98ರವರೆಗೆ ಪೆಸಿಫಿಕ್‌ನ ಫುನಾಫುಟಿಯಲ್ಲಿ ಬ್ರಿಟಿಷರು 340 ಮೀಟರ್ ಕೊರೆದರು, ಸುಣ್ಣದ ಕಲ್ಲು ಬಿಟ್ಟು ಬೇರೇನೂ ಸಿಗಲಿಲ್ಲ. ಕೊನೆಗೆ 1952ರಲ್ಲಿ ಎನೆವೆಟಾಕ್ ಅಟಾಲ್‌ನಲ್ಲಿ ಅಮೆರಿಕದವರು ಕೊರೆದಾಗ 1,200 ಮೀಟರ್‌ಗೂ ಕೆಳಗೆ ಕಪ್ಪು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಲ್ಲು ಸಿಕ್ಕಿತು. ಡಾರ್ವಿನ್ ಹೇಳಿ ನೂರು ವರ್ಷ ದಾಟಿತ್ತು.

ನಮ್ಮ ಕಡೆಯ ಕತೆ ಇನ್ನೂ ಸ್ವಾರಸ್ಯ. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಕಡಲಡಿಯ ಒಂದೇ ಉದ್ದನೆಯ ಏರಿಯ ಮೇಲೆ ಕೂತಿವೆ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಕಪ್ಪು ಕಲ್ಲು, ಅದೇ ದಖನ್ ಲಾವಾ, ಸುಮಾರು 6.6 ಕೋಟಿ ವರ್ಷ ಹಿಂದಿನದು. ಅದನ್ನು ಉಗುಳಿದ ಬಿಸಿ ಚಿಲುಮೆ ಈಗ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಚಿಲುಮೆ ಹೆಚ್ಚು ಕಮ್ಮಿ ಇದ್ದಲ್ಲೇ ಇತ್ತು, ನಮ್ಮ ಉಪಖಂಡ ಅದರ ಮೇಲಿಂದ ಉತ್ತರಕ್ಕೆ ಜಾರಿತು, ದಾರಿಯುದ್ದಕ್ಕೂ ಲಾವಾದ ಗೆರೆ ಬಿತ್ತು. 1987ರಲ್ಲಿ ಕೊರೆತದ ಹಡಗು ಬಂದಾಗ ಮಾಲ್ಡೀವ್ಸ್ ಹತ್ತಿರದ ಬಸಾಲ್ಟ್ ಸುಮಾರು 5.7 ಕೋಟಿ ವರ್ಷದ್ದು, ಚಾಗೋಸ್ ಕಡೆಯದು 4.9 ಕೋಟಿ ವರ್ಷದ್ದು ಅಂತ ತಿಳಿಯಿತು. ದಕ್ಷಿಣಕ್ಕೆ ಹೋದಷ್ಟೂ ವಯಸ್ಸು ಕಡಿಮೆ. ಲಕ್ಷದ್ವೀಪದ ಭಾಗದ ಅಡಿಯಲ್ಲಿ ಇರುವುದು ಪೂರ್ತಿ ಲಾವಾನಾ ಅಥವಾ ಭಾರತದಿಂದ ಸೀಳಿ ಹೋದ ಹಳೆ ನೆಲದ ತುಂಡೂ ಇದೆಯಾ ಅನ್ನುವ ಜಗಳ ಭೂವಿಜ್ಞಾನಿಗಳಲ್ಲಿ ಇವತ್ತಿಗೂ ಇದೆ.

ನೀರುಕಾಗೆ
ಡಾರ್ವಿನ್ ಕತೆಗೆ ಒಂದು ತಕರಾರು ಸೇರಿಸುತ್ತೇನೆ. 2021ರಲ್ಲಿ ಡ್ರೋಕ್ಸ್ಲರ್ ಮತ್ತು ಜೋರಿ ಎಂಬಿಬ್ಬರು ಇದನ್ನು ಪ್ರಶ್ನೆ ಮಾಡಿದ್ದಾರೆ. ಬೆಟ್ಟ ತಗ್ಗಿತು ಅನ್ನುವುದನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ಉಂಗುರದ ಆಕಾರ ಬಂದದ್ದು ಅದರಿಂದ ಅಲ್ಲ ಅಂತಾರೆ. ಹಿಮಯುಗದಲ್ಲಿ ಕಡಲು ಸುಮಾರು 120 ಮೀಟರ್ ಇಳಿದಿತ್ತಲ್ಲ, ಆಗ ಚಪ್ಪಟೆ ಸುಣ್ಣದ ದಿಬ್ಬಗಳು ನೀರಿಂದ ಹೊರಗೆ ಬಿದ್ದವು. ಮಳೆನೀರು ನಡುಭಾಗವನ್ನು ಕರಗಿಸಿ ಬಟ್ಟಲು ಮಾಡಿತು. ಕಡಲು ಮತ್ತೆ ಏರಿದಾಗ ಅಂಚಿನಲ್ಲಿ ಹವಳ ಜಾಸ್ತಿ ಬೆಳೆಯಿತು. ಇದು ನಾಲ್ಕೈದು ಲಕ್ಷ ವರ್ಷದಲ್ಲಿ ಮತ್ತೆ ಮತ್ತೆ ಆಯಿತು. ನನಗೆ ಮಾಲ್ಡೀವ್ಸ್ ವಿಷಯದಲ್ಲಿ ಈ ವಾದವೇ ಸರಿ ಅನ್ನಿಸುತ್ತೆ. ಬೆಟ್ಟ ತಗ್ಗಿ ಉಂಗುರ ಉಳಿಯುವ ಪಠ್ಯಪುಸ್ತಕದ ಆ ಮೂರು ಚಿತ್ರ ನೋಡಿ ನೋಡಿ ನಮಗೆ ಅದೇ ಸತ್ಯ ಅನ್ನಿಸಿಬಿಟ್ಟಿದೆ.

ಕಲ್ಲುಮಣ್ಣು
ಒಪ್ಪುತ್ತೇನೆ, ಎರಡೂ ಸೇರಿಯೇ ಓದಬೇಕು. ಬೆಟ್ಟ ತಗ್ಗುವುದು ಕೋಟಿ ವರ್ಷಗಳ ಲೆಕ್ಕ, ಕಡಲು ಏರಿಳಿಯುವುದು ಸಾವಿರಗಳ ಲೆಕ್ಕ.

ಮಲೆನಾಡಿಗ ಅವರೇ, ಇಲ್ಲಿ ಗಮನಿಸಬೇಕಾದ್ದು ಒಂದಿದೆ. ದಿಬ್ಬ ಹಳೆಯದು, ಅದರ ಮೇಲಿನ ನೆಲ ತೀರಾ ಹೊಸದು. ಮಾಲ್ಡೀವ್ಸ್‌ನಲ್ಲಿ ಕಾಲಮಾನ ತೆಗೆದ ಕೆಲವು ದ್ವೀಪಗಳು 5,500ರಿಂದ 4,000 ವರ್ಷದ ಹಿಂದೆ ಕಟ್ಟಿಕೊಂಡವು. ಸಿಂಧೂ ಕಣಿವೆಯ ಊರುಗಳ ವಯಸ್ಸು.

ಹಳೇಬಂದರು
ಅಬ್ಬಾ. ನಾನು ಕೇಳಿದ್ದು ಒಂದು ಲೋಡ್ ಮರಳು, ಬಂದದ್ದು ಆರೂವರೆ ಕೋಟಿ ವರ್ಷ. ಸರಿ, ಈಗ ಆ ಮರಳು ಯಾರು ಮಾಡುವುದು? ಅಲೆ ಬಡಿದು ಹವಳ ಪುಡಿ ಆಗುವುದಾ?

ನೀರುಕಾಗೆ
ಅಲೆಯೂ ಹೌದು. ಆದರೆ ಮುಖ್ಯ ಕಾರ್ಖಾನೆ ಮೀನು! ಗಿಳಿಮೀನು ಅಂತ ಇದೆ. ಹಲ್ಲೆಲ್ಲ ಸೇರಿ ಕೊಕ್ಕಿನ ಹಾಗಾಗಿರುತ್ತೆ. ಸತ್ತ ಹವಳದ ಮೇಲಿನ ಪಾಚಿ ತಿನ್ನಲು ಕಲ್ಲನ್ನೇ ಕೆರೆದು ನುಂಗುತ್ತೆ. ನೀರಿನೊಳಗೆ ಇದ್ದರೆ ಆ ಸದ್ದು ಚೆನ್ನಾಗಿ ಕೇಳಿಸುತ್ತೆ, ಗರ್ ಗರ್ ಅಂತ ಯಾರೋ ಗೋಡೆಯ ಸುಣ್ಣ ಕೆರೆದ ಹಾಗೆ. ಗಂಟಲಲ್ಲಿ ಇನ್ನೊಂದು ಜೊತೆ ಹಲ್ಲು ಇದೆ, ಅದು ಕಲ್ಲನ್ನು ಅರೆಯುತ್ತೆ. ಕಬಂದ, ಕಡಂಬು ಯಾವುದೇ ದ್ವೀಪದ ಲಗೂನಿನಲ್ಲಿ ಮುಖ ಮುಳುಗಿಸಿ ಒಂದು ಗಿಳಿಮೀನಿನ ಹಿಂದೆ ಐದು ನಿಮಿಷ ಹೋಗಿ, ಬಾಲದ ಹಿಂದೆ ಬಿಳಿ ಮೋಡ ಬಿಡುವುದು ಕಾಣುತ್ತೆ. ಆ ಮೋಡ ನಿಧಾನಕ್ಕೆ ತಳಕ್ಕೆ ಇಳಿದು ಕೂರುತ್ತೆ. ಮರಳು ಅದೇ.

ಮಾಲ್ಡೀವ್ಸ್‌ನ ವಕ್ಕರು ದ್ವೀಪದಲ್ಲಿ ಪೆರಿ ಎಂಬುವರ ತಂಡ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿತು. ಅಲ್ಲಿ ಹೊಸದಾಗಿ ಹುಟ್ಟುವ ಮರಳಲ್ಲಿ ಶೇ. 85ಕ್ಕೂ ಹೆಚ್ಚು ಗಿಳಿಮೀನಿನ ಹೊಟ್ಟೆಯಿಂದ ಬಂದದ್ದು.

ಸುಮ್ನೆ_ಕೇಳ್ದೆ
ಅಂದರೆ ಹನಿಮೂನ್ ಜೋಡಿಗಳು ಮಲಗಿ ಫೋಟೋ ತೆಗೆಸಿಕೊಳ್ಳುವುದು ಮೀನಿನ ಹೇಲಿನ ಮೇಲೆ 😂

ನೀರುಕಾಗೆ
ಹೌದು ಸ್ವಾಮಿ, ತೊಳೆದು ಒಣಗಿದ್ದು.

ಉಳ್ಳಾಲದವಳು
"ಕಬಂದ" ಯಾವ ದ್ವೀಪ?

ನೀರುಕಾಗೆ
ಫೋನಿನ ಕೀಬೋರ್ಡ್ ಕೈಕೊಟ್ಟಿತು. ಕದ್ಮತ್, ಬಂಗಾರಂ ಅಂತ ಓದಿಕೊಳ್ಳಿ.

ದ್ವೀಪದಲ್ಲಿದ್ದೆ
ನಾನು ಕೆಲಸದ ಮೇಲೆ ಅಲ್ಲಿ ಕೆಲವು ವರ್ಷ ಇದ್ದವನು. ಊರು ಶಿವಮೊಗ್ಗ ಕಡೆ. ಕೆಲವು ವಿಷಯ ಹೇಳುತ್ತೇನೆ.

ಮ್ಯಾಪಿನಲ್ಲಿ ಲಕ್ಷದ್ವೀಪ ನೋಡಿ. 36 ದ್ವೀಪ ಅಂತಾರೆ, ಎಲ್ಲ ಸೇರಿ 32 ಚದರ ಕಿಲೋಮೀಟರ್ ನೆಲ. ಜನ ಇರುವುದು 10ರಲ್ಲಿ. ಆದರೆ ಲಗೂನು ಸುಮಾರು 4,200 ಚದರ ಕಿಲೋಮೀಟರ್. ನೆಲಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಇನ್ನೊಂದು, ಬಹುಪಾಲು ಅಟಾಲ್‌ಗಳಲ್ಲಿ ದ್ವೀಪ ಇರುವುದು ಪೂರ್ವದ ಅಂಚಿನಲ್ಲಿ, ಲಗೂನು ಪಶ್ಚಿಮಕ್ಕೆ. ಮುಂಗಾರಿನ ಅಲೆ ಪಶ್ಚಿಮದಿಂದ ಬಂದು ಹವಳದ ದಂಡೆಗೆ ಬಡಿದು ಅಲ್ಲೇ ಒಡೆಯುತ್ತೆ. ಒಡೆದದ್ದನ್ನು ಒಳಗೆ ತಳ್ಳುತ್ತಾ ತಳ್ಳುತ್ತಾ ಪೂರ್ವದ ಕಡೆ ರಾಶಿ ಹಾಕುತ್ತೆ. ಮಳೆಗಾಲದಲ್ಲಿ ಮನೆ ಮುಂದೆ ಕೂತರೆ ದೂರದಲ್ಲಿ ಬಿಳಿ ಗೆರೆ, ಹಗಲು ರಾತ್ರಿ ಮೊರೆತ. ಲಗೂನಿನೊಳಗೆ ನೀರು ಮಾತ್ರ ಹೆಚ್ಚು ಕಮ್ಮಿ ಕೆರೆಯ ನೀರು. ಆ ಬಿಳಿ ಗೆರೆ ಇರುವುದಕ್ಕೇ ಊರು ಇದೆ.

ಒಮ್ಮೊಮ್ಮೆ ಅಲೆ ಕಟ್ಟುವುದೂ ಉಂಟು. ಕಲ್ಪೇನಿಯ ಪೂರ್ವ, ಆಗ್ನೇಯ ದಡದಲ್ಲಿ ಹವಳದ ಗುಂಡುಗಳ ದೊಡ್ಡ ಏರಿ ಇದೆ. 1847ರ ಚಂಡಮಾರುತ ಎತ್ತಿ ಹಾಕಿದ್ದು ಅಂತ ಹೇಳುತ್ತಾರೆ. ಆ ಗಾಳಿಗೆ ಕಲ್ಪೇನಿ, ಆಂದ್ರೋತ್ ಎರಡೂ ಹಾಳಾಗಿದ್ದವು. ಜನರ ಬದುಕು ಮುರಿದ ಗಾಳಿಯೇ ದಡಕ್ಕೆ ಒಂದು ಗೋಡೆ ಕಟ್ಟಿ ಹೋಯಿತು.

ಕುಡಿಯುವ ನೀರಿನ ವಿಷಯ ಬೇರೆಯೇ. ಹೊಳೆ, ಕೆರೆ ಇಲ್ಲ. ಮಳೆನೀರು ಮರಳಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತೆ, ಸಿಹಿನೀರು ಹಗುರ ಅಲ್ವಾ. ಪುಸ್ತಕದ ಸೂತ್ರದಲ್ಲಿ ಕಡಲ ಮಟ್ಟದಿಂದ ಒಂದು ಮೀಟರ್ ಮೇಲೆ ಸಿಹಿನೀರು ನಿಂತರೆ ಕೆಳಗೆ 40 ಮೀಟರ್ ಇರಬೇಕು. ಚಿಕ್ಕ ದ್ವೀಪದಲ್ಲಿ ಅಷ್ಟೆಲ್ಲ ಎಲ್ಲಿ ಬರುತ್ತೆ, ಉಬ್ಬರ ಇಳಿತಕ್ಕೆ ನೀರು ಕಲಸಿಹೋಗಿ ತೆಳ್ಳಗಿನ ಪದರ ಅಷ್ಟೆ ಉಳಿಯುತ್ತೆ. ಬಾವಿಗಳು ಆಳ ಇಲ್ಲ, ಬಗ್ಗಿದರೆ ನೀರು. ಉಬ್ಬರಕ್ಕೆ ಬಾವಿಯ ನೀರೂ ಏರುತ್ತೆ, ಇಳಿತಕ್ಕೆ ಇಳಿಯುತ್ತೆ. ಕೊಡದಲ್ಲಿ ಸೇದಿದಷ್ಟು ದಿನ ತೊಂದರೆ ಇರಲಿಲ್ಲ. ಪಂಪು ಬಂತು. ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಕೋನ ಕಟ್ಟಿಕೊಂಡು ಮೇಲೆ ಬರುತ್ತೆ. ನಾನಿದ್ದ ಕ್ವಾರ್ಟರ್ಸ್‌ನ ಟ್ಯಾಂಕು ತುಂಬಿಸಲು ಬೆಳಗ್ಗೆ ಒಂದೇ ಸಮನೆ ಪಂಪು ಓಡಿಸುತ್ತಿದ್ದರು, ಏಪ್ರಿಲ್ ಹೊತ್ತಿಗೆ ಚಹಾ ಉಪ್ಪು. ನಿಧಾನ ಎಳೆಯಿರಿ ಅಂತ ಹೇಳಿದರೆ ಕೇಳುವವರಿಲ್ಲ. ಪಕ್ಕದಲ್ಲೇ ಶೌಚದ ಗುಂಡಿ ಬೇರೆ.

ಮಲೆನಾಡಿಗ
ಹಾಗಾದರೆ ಈಗ ನೀರಿಗೆ ಏನು ಮಾಡುತ್ತಾರೆ?

ದ್ವೀಪದಲ್ಲಿದ್ದೆ
ಮಳೆನೀರು ಹಿಡಿಯುವ ಟ್ಯಾಂಕುಗಳಿವೆ. ಜೊತೆಗೆ ಕಡಲ ನೀರನ್ನು ಸಿಹಿ ಮಾಡುವ ಘಟಕ. ಚೆನ್ನೈನ ಎನ್‌ಐಒಟಿಯವರು (ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ) 2005ರಲ್ಲಿ ಕವರತ್ತಿಯಲ್ಲಿ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದು. ಆಮೇಲೆ ಮಿನಿಕಾಯ್, ಅಗತ್ತಿಗೂ ಬಂತು. ಮೇಲಿನ ನೀರು ಸುಮಾರು 28 ಡಿಗ್ರಿ, 350 ಮೀಟರ್ ಆಳದ್ದು 12-13 ಡಿಗ್ರಿ. ಮೇಲಿನ ಬೆಚ್ಚಗಿನ ನೀರನ್ನು ಒತ್ತಡ ಕಡಿಮೆ ಮಾಡಿದ ತೊಟ್ಟಿಗೆ ಬಿಟ್ಟರೆ ಆವಿಯಾಗುತ್ತೆ, ಆ ಆವಿಯನ್ನು ಆಳದ ತಣ್ಣೀರಿಂದ ತಂಪು ಮಾಡಿದರೆ ಕುಡಿಯುವ ನೀರು.

ಭೂವಿಜ್ಞಾನ ಕೇಳಿದಿರಲ್ಲ, ಅದು ಇಲ್ಲಿದೆ. ಅಷ್ಟು ಆಳ ದಡದಿಂದ ಸುಮಾರು 400 ಮೀಟರ್ ದೂರದಲ್ಲೇ ಸಿಗುತ್ತೆ! ಅಟಾಲ್‌ನ ಹೊರಮೈ ಗೋಡೆಯ ಹಾಗೆ ಇಳಿಯುತ್ತೆ. ಮಂಗಳೂರಿಂದ ಆ ಆಳ ಬೇಕಾದರೆ ಎಷ್ಟೋ ಕಿಲೋಮೀಟರ್ ಒಳಗೆ ಹೋಗಬೇಕು.

ಸುಮ್ನೆ_ಕೇಳ್ದೆ
ಎಲ್ಲಾ ಸರಿ. ಮುಳುಗುತ್ತಾ ಇಲ್ವಾ, ಅದು ಹೇಳಿ. ಮಾಲ್ಡೀವ್ಸ್ ಮುಳುಗುತ್ತೆ ಮುಳುಗುತ್ತೆ ಅಂತ ನಾನು ಶಾಲೆಯಲ್ಲಿದ್ದಾಗಿಂದ ಕೇಳುತ್ತಿದ್ದೇನೆ. ಅಲ್ಲಿ ಈಗ ರೆಸಾರ್ಟ್ ಮೇಲೆ ರೆಸಾರ್ಟ್. ಹೆದರಿಸುವುದೇ ಒಂದು ಧಂದೆ ಅನ್ನಿಸುತ್ತೆ.

ಕಲ್ಲುಮಣ್ಣು
ನಿಮ್ಮ ಅನುಮಾನಕ್ಕೆ ಅರ್ಧ ಆಧಾರ ಇದೆ, ಅದಕ್ಕೇ ಸಿಟ್ಟು ಮಾಡಿಕೊಳ್ಳದೆ ಉತ್ತರ ಬರೆಯುತ್ತೇನೆ.

ವೆಬ್ ಮತ್ತು ಕೆಂಚ್ ಎನ್ನುವವರು 2010ರಲ್ಲಿ ಪೆಸಿಫಿಕ್‌ನ 27 ದ್ವೀಪಗಳ ಹಳೆ ವೈಮಾನಿಕ ಚಿತ್ರ ಮತ್ತು ಹೊಸ ಚಿತ್ರ ಹೋಲಿಸಿದರು. ಶೇ. 86ರಷ್ಟು ದ್ವೀಪಗಳು ಇದ್ದಷ್ಟೇ ಇದ್ದವು ಅಥವಾ ದೊಡ್ಡದಾಗಿದ್ದವು. 2018ರಲ್ಲಿ ಕೆಂಚ್ ಅವರ ಇನ್ನೊಂದು ತಂಡ ಪೆಸಿಫಿಕ್‌ನ ತುವಾಲು ದೇಶದ 101 ದ್ವೀಪ ನೋಡಿತು. 1971ರಿಂದ 2014ರ ನಡುವೆ ಒಟ್ಟು ನೆಲ ಶೇ. 2.9ರಷ್ಟು ಜಾಸ್ತಿ ಆಗಿತ್ತು, ಆ ಹೊತ್ತಿಗೆ ಕಡಲು ಏರುತ್ತಲೇ ಇದ್ದರೂ. ಇದನ್ನು ಹಿಡಿದುಕೊಂಡು "ನೋಡಿ ಏನೂ ಆಗಲ್ಲ" ಅನ್ನುವವರಿದ್ದಾರೆ. ಹಾಗಲ್ಲ ಅದು. ಮರಳಿನ ದ್ವೀಪ ತನ್ನ ಜಾಗದಲ್ಲೇ ಮುಳುಗುವ ಪಾತ್ರೆ ಅಲ್ಲ. ಅಲೆ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಹಾಕುತ್ತೆ, ದ್ವೀಪ ಸರಿಯುತ್ತೆ, ತಿರುಗುತ್ತೆ, ದೊಡ್ಡ ಅಲೆ ಬಂದಾಗ ಎತ್ತರವೂ ಆಗುತ್ತೆ. ಆದರೆ ಅದಕ್ಕೆ ಎರಡು ಬೇಕು. ಮರಳು ಬರುತ್ತಲೇ ಇರಬೇಕು. ಸರಿಯಲು ಜಾಗ ಇರಬೇಕು.

ತುವಾಲುವಿನ ಒಟ್ಟು ಲೆಕ್ಕದಲ್ಲೂ ಚಿಕ್ಕ ದ್ವೀಪಗಳು ಸವೆದಿವೆ. ನಮ್ಮಲ್ಲೇ ನೋಡಿ. ಬಂಗಾರಂ ಅಟಾಲ್‌ನ ಪರಳಿ 1 ಎಂಬ ಜನ ಇಲ್ಲದ ದ್ವೀಪ 1968ರಲ್ಲಿ 0.032 ಚದರ ಕಿಲೋಮೀಟರ್ ಇತ್ತು, ಅಂದರೆ ಎಂಟು ಎಕರೆ ಹತ್ತಿರ. 2017ರಲ್ಲಿ ಸಂಶೋಧನೆ ಹೊರಬಂದಾಗ ಅದು ಇರಲೇ ಇಲ್ಲ. ಪೂರ್ತಿ ಸವೆದು ಹೋಗಿತ್ತು. ಅದೇ ಅಟಾಲ್‌ನ ಬೇರೆ ದ್ವೀಪಗಳೂ ಸವೆದಿವೆ. 36 ಅಂತ ಇನ್ನೂ ಹೇಳುತ್ತಾರೆ, ರೂಢಿ.

ಉಳ್ಳಾಲದವಳು
ಇದನ್ನು ಓದಿ ನಮ್ಮ ಕಡೆಯದೇ ನೆನಪಾಯಿತು. ಉಳ್ಳಾಲ, ಸೋಮೇಶ್ವರ, ಉಚ್ಚಿಲ ಕಡೆ ಮಳೆಗಾಲ ಬಂದರೆ ಕಡಲ್ಕೊರೆತ. ಲಾರಿ ಲಾರಿ ಕಲ್ಲು ತಂದು ಸುರಿಯುತ್ತಾರೆ, ಮುಂದಿನ ವರ್ಷ ಕಲ್ಲು ಮರಳಲ್ಲಿ ಹೂತಿರುತ್ತೆ, ಪಕ್ಕದ ಮನೆಯ ತೆಂಗು ಕಡಲಲ್ಲಿ ಇರುತ್ತೆ. ಲಕ್ಷದ್ವೀಪದಲ್ಲೂ ಹೀಗೇ ಕಲ್ಲು ಹಾಕುತ್ತಾರಾ?

ದ್ವೀಪದಲ್ಲಿದ್ದೆ
ಕಲ್ಲೆಲ್ಲಿದೆ ಅಲ್ಲಿ! ಕಾಂಕ್ರೀಟಿನ ನಾಲ್ಕು ಕಾಲಿನ ಟೆಟ್ರಾಪಾಡ್. ಕವರತ್ತಿ, ಅಗತ್ತಿ ದಡದಲ್ಲಿ ಸಾಲು ಸಾಲು. ಹಳೇಬಂದರು ಅವರೇ, ನಿಮ್ಮ ಜಲ್ಲಿ, ಮರಳು ಮನೆಗೆ ಮಾತ್ರ ಹೋಗುವುದಲ್ಲ, ಕಡಲಿಗೆ ಅಡ್ಡ ಇಡುವ ಕಾಂಕ್ರೀಟಿಗೂ ಹೊರಗಿನ ಮಾಲೇ ಬೇಕು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜೆಟ್ಟಿ, ಆಸ್ಪತ್ರೆ ಪಕ್ಕದಲ್ಲಿ ಹಾಕಲಿ, ಬೇರೆ ದಾರಿ ಇಲ್ಲ. ಇಡೀ ದ್ವೀಪಕ್ಕೆ ಸುತ್ತುವುದು ದಂಡ. ಗೋಡೆಗೆ ಬಡಿದ ಅಲೆ ವಾಪಸು ಹೋಗುವಾಗ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತೆ, ಗೋಡೆ ಮುಗಿಯುವಲ್ಲಿ ಕೊರೆತ ಜಾಸ್ತಿ ಆಗುತ್ತೆ. ಆಮೆ ಮೊಟ್ಟೆ ಇಡಲು ಹತ್ತುವ ದಡವೂ ಹೋಯಿತು. ಮರಳು ಮುಂಗಾರಿನಲ್ಲಿ ಒಂದು ಕಡೆ, ಹಿಂಗಾರಿನ ಗಾಳಿಗೆ ಇನ್ನೊಂದು ಕಡೆ ಓಡಾಡುವುದು ಅದರ ಸ್ವಭಾವ. ಮಳೆಗಾಲದಲ್ಲಿ ಒಂದು ಬದಿ ಕೊರೆದದ್ದನ್ನು ಮಾತ್ರ ನೋಡಿ ಟೆಂಡರ್ ಕರೆದರೆ ಡಿಸೆಂಬರಿನಲ್ಲಿ ವಾಪಸು ಬರಬೇಕಾದ ಮರಳಿಗೆ ಬಾಗಿಲು ಹಾಕಿದ ಹಾಗೆ.

ಇನ್ನೊಂದು ಸಂಗತಿ. ಇಳಿತದ ಹೊತ್ತಲ್ಲಿ ದಡದಲ್ಲಿ ಚಪ್ಪಡಿ ಹಾಸಿದ ಹಾಗೆ ಓರೆಯಾದ ಕಲ್ಲು ಕಾಣುತ್ತೆ. ಹಳೆ ಕಲ್ಲಲ್ಲ. ದಡದ ಮರಳೇ ಸುಣ್ಣದ ಅಂಟಿಗೆ ಗಟ್ಟಿ ಆದದ್ದು. ನಾನು ನೋಡಿದ ಒಂದು ಚಪ್ಪಡಿಯಲ್ಲಿ ಹಸಿರು ಸೀಸೆಯ ತುಂಡು ಅರ್ಧ ಹುಗಿದು ಕೂತಿತ್ತು, ಉಗುರಲ್ಲಿ ಎಷ್ಟು ಕೆದಕಿದರೂ ಬರಲಿಲ್ಲ. ಅಂದರೆ ನಮ್ಮ ಕಾಲದಲ್ಲೇ ಆದ ಕಲ್ಲು ಅದು. ಆ ಚಪ್ಪಡಿ ಈಗ ನೀರಿನ ಕಡೆ ಒಂದಷ್ಟು ದೂರ ಇದ್ದರೆ, ಮೊದಲು ದಡ ಅಲ್ಲಿತ್ತು ಅಂತ ಅರ್ಥ.

ಸುಮ್ನೆ_ಕೇಳ್ದೆ
ಸೀಸೆ ಮಾತು ಚೆನ್ನಾಗಿದೆ. ಸರಿ, ಮರಳು ಬರುತ್ತಲೇ ಇರಬೇಕು ಅಂದಿರಿ. ಬರುವುದು ಕಡಿಮೆ ಆಗಿದೆಯಾ? ಅಂಕಿ ಇದ್ದರೆ ಕೊಡಿ.

ನೀರುಕಾಗೆ
ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದ ಲಕ್ಷದ್ವೀಪದ ಹವಳ ನೋಡುತ್ತಾ ಬಂದಿದ್ದಾರೆ. ರೋಹನ್ ಆರ್ಥರ್ ಶುರು ಮಾಡಿದ ಕೆಲಸ. ಅಗತ್ತಿ, ಕದ್ಮತ್, ಕವರತ್ತಿ ಮೂರೂ ಕಡೆಯ ಲೆಕ್ಕದಲ್ಲಿ ಜೀವಂತ ಹವಳ 1998ರಲ್ಲಿ ಶೇ. 37ರಷ್ಟು ಇದ್ದದ್ದು 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಬಂದಿದೆ. 24 ವರ್ಷದಲ್ಲಿ ಅರ್ಧ.

ಕಾರಣ ಬಿಸಿ. ಹವಳ ಅನ್ನುವುದು ಪ್ರಾಣಿ, ಅದರ ಮೈಯೊಳಗೆ ಪಾಚಿ ವಾಸ ಮಾಡುತ್ತೆ. ಊಟದ ದೊಡ್ಡ ಪಾಲು ಆ ಪಾಚಿ ಮಾಡಿಕೊಡುವುದು, ಬಣ್ಣವೂ ಅದರದ್ದೇ. ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದೇ ಡಿಗ್ರಿ ಜಾಸ್ತಿ ಆಗಿ ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರಗೆ ಹಾಕುತ್ತೆ, ಬಿಳಿಚಿಕೊಳ್ಳುತ್ತೆ. ಬೇಗ ತಂಪಾದರೆ ಬದುಕುತ್ತೆ, ಇಲ್ಲದಿದ್ದರೆ ಹಸಿದು ಸಾಯುತ್ತೆ. 1998, 2010, 2016ರಲ್ಲಿ ದೊಡ್ಡದಾಗಿ ಆಯಿತು. 2024ರಲ್ಲಿ ಮತ್ತೆ.

ವಿಚಿತ್ರ ಏನೆಂದರೆ ಒಂದೊಂದು ಸಲದ ಸಾವು ಮೊದಲಿನಷ್ಟು ಭೀಕರ ಇಲ್ಲ, ಗಟ್ಟಿ ತಳಿಗಳು ಉಳಿದುಕೊಂಡಿವೆ. ಆದರೆ ಚೇತರಿಕೆಗೆ ಪುರುಸೊತ್ತು ಸಿಗುತ್ತಿಲ್ಲ. ಬಿಸಿ ಹೊಡೆತ ಇಲ್ಲದ ಆರು ವರ್ಷ ದಾಟಿದರೆ ಹವಳ ಚುರುಕಾಗಿ ಬೆಳೆಯುತ್ತೆ ಅಂತ ಅದೇ ಅಧ್ಯಯನ ಹೇಳುತ್ತೆ. ಆ ಆರು ವರ್ಷ ಬಿಡುವು ಈಗ ಎಲ್ಲಿದೆ? ಬೇಗ ಬೆಳೆಯುವ ಕೊಂಬೆ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದೀತು, ಆದರೆ ಬಿಸಿಗೆ ಮೊದಲು ಸಾಯುವುದೂ ಅದೇ. ಉಳಿಯುವ ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಅಷ್ಟೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ದಕ್ಷಿಣ ಮಾಲ್ಡೀವ್ಸ್‌ನಲ್ಲಿ 2016ರ ಮೊದಲು ಒಂದು ಚದರ ಮೀಟರ್ ದಿಬ್ಬದಲ್ಲಿ ವರ್ಷಕ್ಕೆ ಸುಮಾರು 6 ಕೆಜಿ ಸುಣ್ಣ ಉಳಿತಾಯ ಆಗುತ್ತಿತ್ತು, ಬೆಳೆದದ್ದರಲ್ಲಿ ಸವೆದದ್ದನ್ನು ಕಳೆದು. ಬಿಸಿ ಹೊಡೆದ ಮೇಲೆ ಅದು ಸುಮಾರು 3 ಕೆಜಿ ನಷ್ಟಕ್ಕೆ ತಿರುಗಿತು. ಅಂದರೆ ದಿಬ್ಬವೇ ಸವೆಯುತ್ತಿದೆ. ಇತ್ತ ಕಡಲು ವರ್ಷಕ್ಕೆ 3-4 ಮಿಲಿಮೀಟರ್ ಏರುತ್ತಿದೆ. ಆರೋಗ್ಯವಾಗಿರುವ ದಿಬ್ಬಕ್ಕೆ ಅಷ್ಟು ಏರುವುದು ಕಷ್ಟ ಅಲ್ಲ. ಸತ್ತ ದಿಬ್ಬ ಏರುವುದಿಲ್ಲ. ಆಗ ದ್ವೀಪದಲ್ಲಿದ್ದೆ ಅವರು ಹೇಳಿದ ಆ ಬಿಳಿ ಗೆರೆಯ ಮೇಲೆ ನೀರು ಆಳ ಆಗುತ್ತೆ, ಅಲೆ ಅಲ್ಲಿ ಒಡೆಯದೆ ಲಗೂನು ದಾಟಿ ಊರಿಗೇ ಬರುತ್ತೆ. 1998ರಿಂದ 2022ರ ತನಕ ಮೇಲಿನ ನೆಲ ನೋಡಿದವರಿಗೆ ವ್ಯತ್ಯಾಸ ಅಷ್ಟಾಗಿ ಕಾಣದೇ ಇರಬಹುದು, ಯಾಕೆಂದರೆ ಹವಳ ಸತ್ತ ಹೊಸದರಲ್ಲಿ ಪುಡಿ ಜಾಸ್ತಿಯೇ ಸಿಗುತ್ತೆ. ಗಿಳಿಮೀನಿಗೂ ಕೆರೆಯಲು ಬೇಕಾದಷ್ಟು ಜಾಗ. ಹಳೆ ಒಡವೆ ಮಾರಿ ಮನೆ ನಡೆಸಿದ ಹಾಗೆ ಅದು.

ಸುಮ್ನೆ_ಕೇಳ್ದೆ
ಸರಿ, ಈ ಉತ್ತರ ಒಪ್ಪಬಹುದು. ಕಡಲು ಏರುವುದು ಒಂದೇ ಕತೆ ಅಲ್ಲ, ದಿಬ್ಬ ಬೆಳೆಯುವುದು ನಿಂತಿದ್ದು ಇನ್ನೊಂದು. ಪೇಪರಿನವರು ಹೀಗೆ ಬರೆಯಲ್ಲ ನೋಡಿ.

ಮಲೆನಾಡಿಗ
ಗಿಳಿಮೀನು ಹಿಡಿಯಬಾರದು ಅಂತ ಕಾನೂನು ಮಾಡಿದರೆ ಆಯ್ತಲ್ಲ?

ದ್ವೀಪದಲ್ಲಿದ್ದೆ
ಅಲ್ಲಿಯ ಮೀನುಗಾರರು ಮೊದಲಿಂದ ದಿಬ್ಬದ ಮೀನಿನ ಮೇಲೆ ಜಾಸ್ತಿ ಬಿದ್ದವರಲ್ಲ. ಹೊರಗಡಲಲ್ಲಿ ಉದ್ದ ಕೋಲಿನ ಗಾಳ ಹಾಕಿ ಟ್ಯೂನಾ ಒಂದೊಂದಾಗಿ ಎತ್ತುತ್ತಾರೆ. ಮಿನಿಕಾಯ್‌ನವರ ಹಳೆ ವಿದ್ಯೆ, 1960ರ ದಶಕದಲ್ಲಿ ಸರ್ಕಾರ ಬೇರೆ ದ್ವೀಪಗಳಿಗೂ ಕಲಿಸಿತು. ಲಗೂನಿನಲ್ಲಿ ಚಿಕ್ಕ ಮೀನು ಹಿಡಿದು ಜೀವಂತ ಇಟ್ಟುಕೊಂಡು ಹೋಗಿ ಎರಚುತ್ತಾರೆ, ಟ್ಯೂನಾ ಮುತ್ತಿಕೊಳ್ಳುತ್ತೆ. ಆ ಒಂದು ಪದ್ಧತಿಯಿಂದ ದಿಬ್ಬದ ಮೀನು ಇಷ್ಟು ದಿನ ಉಳಿದಿದೆ. ಈಗ ಹೊರಗಿನ ಮಾರುಕಟ್ಟೆಗೆ ದಿಬ್ಬದ ಮೀನು ಹಿಡಿಯುವುದು ಶುರುವಾಗಿದೆ. ಕಾನೂನಿಗಿಂತ ಟ್ಯೂನಾಗೆ ಒಳ್ಳೆ ರೇಟು ಸಿಗುವ ಹಾಗೆ ಮಾಡುವುದು ಮೇಲು ಅಂತ ನನಗೆ ಅನ್ನಿಸುತ್ತೆ.

ನೀರುಕಾಗೆ
ಕಾನೂನಿನ ವಿಷಯ ಬಂತು ಅಂತ ಆಮೆಯ ಕತೆ ಹೇಳಲೇಬೇಕು. ಮೊದಲು ದ್ವೀಪದವರು ಹಸಿರು ಕಡಲಾಮೆ ಹಿಡಿದು ಅದರ ಕೊಬ್ಬನ್ನು ದೋಣಿಗೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಂತಿತು. ಆಮೆ ಹೆಚ್ಚಿದವು. ಅಗತ್ತಿಯ ಲಗೂನಿಗೆ ಗುಂಪು ಗುಂಪಾಗಿ ಬಂದು ಕಡಲಹುಲ್ಲನ್ನು ಬುಡದ ತನಕ ಮೇಯ್ದವು. ಹುಲ್ಲಲ್ಲಿ ಮರಿ ಮಾಡುವ ಮೀನು ಕಡಿಮೆ ಆಯಿತು, ಮೀನುಗಾರರಿಗೆ ಆಮೆ ಮೇಲೆ ಸಿಟ್ಟು. ಅಲ್ಲಿ ಮುಗಿದ ಮೇಲೆ ಆಮೆಗಳು ಬೇರೆ ಲಗೂನಿಗೆ ಹೋದವು, ಅಲ್ಲೂ ಅದೇ. ಒಂದಾದ ಮೇಲೆ ಒಂದು ಲಗೂನಿನ ಹುಲ್ಲುಗಾವಲು ಖಾಲಿ. ಮರಳನ್ನು ಬೇರಿನಿಂದ ಹಿಡಿದಿಡುವುದು ಆ ಹುಲ್ಲು ಅಂತ ಮರೆಯಬೇಡಿ.

ಸುಮ್ನೆ_ಕೇಳ್ದೆ
ಹಾಗಾದರೆ ಆಮೆ ಕೊಲ್ಲಲು ಬಿಡಬೇಕಾ?

ನೀರುಕಾಗೆ
ನಾನು ಹಾಗೆ ಹೇಳಲ್ಲ. ಆಮೆಯನ್ನು ತಿನ್ನುವ ದೊಡ್ಡ ಶಾರ್ಕುಗಳನ್ನು ನಾವೇ ಎಲ್ಲಾ ಕಡಲಲ್ಲೂ ಖಾಲಿ ಮಾಡಿದ್ದೇವೆ. ಒಂದನ್ನು ಮಾತ್ರ ಕಾಪಾಡಿ, ಉಳಿದದ್ದನ್ನು ಬಿಟ್ಟರೆ ಹೀಗೇ ಆಗುವುದು. ಮೀನುಗಾರರ ಸಿಟ್ಟು ಮಾತ್ರ ನ್ಯಾಯವಾದದ್ದು. ಅವರಿಗೆ ಪರಿಸರ ಪಾಠ ಹೇಳಲು ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಮಲೆನಾಡಿಗ
ಇನ್ನೊಂದೇ ಪ್ರಶ್ನೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲೂ ಹವಳ ಇದೆ, ಸ್ಕೂಬಾ ಮಾಡಿಸುತ್ತಾರೆ. ಹಾಗಾದರೆ ನಮ್ಮ ಕರಾವಳಿಯಲ್ಲಿ ಯಾಕೆ ಹವಳದ ದ್ವೀಪ ಆಗಲಿಲ್ಲ?

ಕಲ್ಲುಮಣ್ಣು
ಹೊಳೆಗಳಿಂದ. ಕಾಳಿ, ಶರಾವತಿ, ನೇತ್ರಾವತಿ ಎಲ್ಲಾ ಮಳೆಗಾಲದಲ್ಲಿ ಕೆಂಪು ನೀರು ಸುರಿಯುತ್ತವೆ. ಕೆಸರಿಂದ ಬಿಸಿಲು ಇಳಿಯಲ್ಲ, ಉಪ್ಪಿನಂಶ ಕಡಿಮೆ ಆಗುತ್ತೆ, ಹವಳಕ್ಕೆ ಎರಡೂ ಆಗದು. ನೇತ್ರಾಣಿ ದಡದಿಂದ ಸ್ವಲ್ಪ ದೂರ ಇರುವುದರಿಂದ ಬಂಡೆಯ ಮೇಲೆ ಹವಳ ಅಂಟಿಕೊಂಡು ಬದುಕಿದೆ. ಅದು ಗ್ರಾನೈಟ್ ಜಾತಿಯ ಬಂಡೆಯ ದ್ವೀಪ, ಹವಳ ಬರೀ ಬಾಡಿಗೆದಾರ. ಲಕ್ಷದ್ವೀಪದಲ್ಲಿ ಹೊಳೆ ಇಲ್ಲದ್ದೇ ವರ. ನೀರು ಅಷ್ಟು ತಿಳಿ ಇರುವುದು ಅದಕ್ಕೇ.

ಅಂಡಮಾನ್ ಇನ್ನೊಂದೇ ಬಗೆ. ಅಲ್ಲಿ ಭೂಮಿಯ ಹೊರಪದರದ ಎರಡು ಹಲಗೆ (ಪ್ಲೇಟು) ಡಿಕ್ಕಿ ಹೊಡೆದು ಎದ್ದ ಬೆಟ್ಟಸಾಲು. 2004ರ ಡಿಸೆಂಬರ್ 26ರ ಭೂಕಂಪಕ್ಕೆ ಉತ್ತರ ಅಂಡಮಾನಿನ ಪಶ್ಚಿಮ ಅಂಚು ಒಂದು ಮೀಟರ್‌ಗೂ ಹೆಚ್ಚು ಮೇಲೆದ್ದಿತು, ಜೀವಂತ ಹವಳ ಗಾಳಿಗೆ ಬಿದ್ದು ಸತ್ತವು. ಅತ್ತ ನಿಕೋಬಾರಿನ ದಕ್ಷಿಣದ ತುದಿ ಇಂದಿರಾ ಪಾಯಿಂಟ್ 4.25 ಮೀಟರ್ ಕುಸಿಯಿತು, ಲೈಟ್‌ಹೌಸ್ ಬುಡ ನೀರಿಗೆ ಹೋಯಿತು. ಅಲ್ಲಿ ಕಡಲ ಮಟ್ಟದ ಮಿಲಿಮೀಟರ್ ಲೆಕ್ಕ ಹಾಕುತ್ತಾ ಕೂರುವುದರೊಳಗೆ ನೆಲವೇ ಮೀಟರ್‌ಗಟ್ಟಲೆ ಸರಿದಿರುತ್ತೆ.

ಉಳ್ಳಾಲದವಳು
ನಮ್ಮಜ್ಜ ಅಮಿನಿ, ಕದ್ಮತ್ ಎಲ್ಲ ನಮ್ಮ ಜಿಲ್ಲೆಯದೇ ಅಂತ ಹೇಳುತ್ತಿದ್ದರು. ನಿಜವಾ?

ಹಳೇಬಂದರು
ನಿಜ, ಇದು ನನಗೆ ಗೊತ್ತು 🙂 ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಐದೂ 1787ರಲ್ಲಿ ಟಿಪ್ಪುವಿನ ಕೈಗೆ ಬಂದವು. 1799ರ ನಂತರ ಬ್ರಿಟಿಷರು ದಕ್ಷಿಣ ಕನ್ನಡಕ್ಕೆ ಸೇರಿಸಿದರು. 1956ರ ತನಕ ಹಾಗೇ ಇತ್ತು. ಅಲ್ಲಿಯ ತೆಂಗಿನ ನಾರಿನ ಹುರಿ ಇಲ್ಲಿಗೆ, ಇಲ್ಲಿಯ ಅಕ್ಕಿ ಅಲ್ಲಿಗೆ. ಮಂಜಿ ದಾರಿ ಇವತ್ತಿನದಲ್ಲ.

ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಇನ್ನೊಂದು ಹುಟ್ಟಿತು. ಇಲ್ಲಿಂದ ಹೋಗುವ ಮರಳು ನೇತ್ರಾವತಿಯದೋ ಬೇರೆ ಹೊಳೆಯದೋ ಆಗಿರುತ್ತೆ ಅಲ್ವಾ. ಅದನ್ನು ಹೊಳೆಯಿಂದ ತೆಗೆದರೆ ಉಳ್ಳಾಲದ ದಡಕ್ಕೆ ಬರಬೇಕಾದ ಮರಳು ಕಡಿಮೆ ಆಗುವುದಿಲ್ಲವಾ?

ಕಲ್ಲುಮಣ್ಣು
ಮಂಜಿಯಲ್ಲಿ ಹೋಗುವುದು ತೀರಾ ಚಿಲ್ಲರೆ. ಮಂಗಳೂರು, ಬೆಂಗಳೂರಿನ ಕಟ್ಟಡಕ್ಕೆ ಲಾರಿಯಲ್ಲಿ ಹೋಗುವುದರ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ನಿಮ್ಮ ಪ್ರಶ್ನೆ ಸರಿ ಇದೆ. ನಮ್ಮ ದಡದ ಮರಳು ಹೊಳೆ ತಂದದ್ದು. ಹೊಳೆಯಲ್ಲಿ ತೆಗೆದದ್ದು, ಕಿಂಡಿ ಅಣೆಕಟ್ಟಿನ ಹಿಂದೆ ನಿಂತದ್ದು ದಡಕ್ಕೆ ಬರುವುದಿಲ್ಲ. ಅಳಿವೆಬಾಗಿಲಿನ ತಡೆಗೋಡೆ ಉಳಿದದ್ದನ್ನು ಬೇರೆ ಕಡೆ ತಿರುಗಿಸುತ್ತೆ. ಅವರದು ಮೀನು ಮಾಡುವ ಮರಳು, ನಮ್ಮದು ಘಟ್ಟ ಮಾಡುವ ಮರಳು, ಎರಡು ಕಡೆಯೂ ಹಿಂದಿನಿಂದ ಬರುವುದು ನಿಂತ ಮೇಲೆ ಮುಂದೆ ಕಲ್ಲು ಹಾಕುವುದು ನಡೆದಿದೆ.

ಉಳ್ಳಾಲದವಳು
ಇದಕ್ಕೆ ಬೇರೆ ಥ್ರೆಡ್ ತೆರೆಯುತ್ತೇನೆ. ಉಚ್ಚಿಲದ ದಡದ ಹಳೆ ಫೋಟೋ ಯಾರ ಹತ್ತಿರವಾದರೂ ಇದ್ದರೆ ಹಾಕಿ, ಯಾವ ತಿಂಗಳು ತೆಗೆದದ್ದು ಅಂತ ಬರೆಯಿರಿ. ಜೂನ್‌ದು ಜನವರಿದಕ್ಕೆ ಹೋಲಿಸಿದರೆ ಪ್ರಯೋಜನ ಇಲ್ಲ.